ಒಂದರಂತೆ ಇನ್ನೊಂದು: ಲೇತಿನ ಕೆಲಸಕ್ಕೊಂದು ನಕಲು ಜಿಗ್

ಪೇಟೆಯ ಮೂಲೆಯಲ್ಲಿ ಕುಳಿತು ಕೀಲಿಕೈ ಮಾಡಿಕೊಡುವವರ ಪುಟ್ಟ ಯಂತ್ರವನ್ನು ನಮ್ಮ ವಾಚಕರಲ್ಲಿ ಹೆಚ್ಚಿನವರು ನೋಡಿರಬಹುದು. ಅದರಲ್ಲಿ ಎರಡು ಹಿಡಿಗಳಿರುತ್ತವೆ. ಒಂದರಲ್ಲಿ ಹಳೆಯ ಕೀಲಿಕೈಯನ್ನೂ ಇನ್ನೊಂದರಲ್ಲಿ ಇನ್ನೂ ಹಲ್ಲು ಮೂಡದ ಹೊಸ ಕೀಲಿಕೈಯನ್ನೂ ಬಿಗಿಯುತ್ತಾರೆ. ಹಳೆಯದರ ಅಂಚನ್ನು ಉಕ್ಕಿನ ಮೊನೆಯೊಂದು ಮುಟ್ಟಿಕೊಂಡಿರುತ್ತದೆ. ಹೊಸದರ ಅಂಚಿಗೆ ತಿರುಗುವ ಹಲ್ಲುಚಕ್ರವೊಂದು ತಾಗಿಕೊಂಡಿರುತ್ತದೆ. ಎರಡು ಹಿಡಿಗಳೂ ಒಂದೇ ಗಾಡಿಯ ಮೇಲೆ ನಿಂತಿರುವುದರಿಂದ ಒಂದು ಸರಿದಷ್ಟೇ ಇನ್ನೊಂದೂ ಸರಿಯುತ್ತದೆ. ಹಳೆಯ ಕೀಲಿಕೈಯಲ್ಲಿ ಹಳ್ಳವಿರುವಲ್ಲಿ ಮೊನೆ ಒಳಕ್ಕಿಳಿಯುತ್ತದೆ. ಆ ಕ್ಷಣವೇ ಚಕ್ರವು ಹೊಸ ಲೋಹದಲ್ಲಿ ಅಷ್ಟೇ ಆಳದ ಹಳ್ಳವನ್ನು ಕೊರೆಯುತ್ತದೆ. ಕೆಲಸಗಾರನು ಹಲ್ಲುಗಳ ಆಳವನ್ನು ಅಳೆಯಲಿಲ್ಲ, ಗುರುತು ಹಾಕಲಿಲ್ಲ, ಲೆಕ್ಕ ಮಾಡಲಿಲ್ಲ. ಆದರೂ ಹೊಸ ಕೀಲಿಕೈ ಹಳೆಯ ಬೀಗವನ್ನು ತೆರೆಯುತ್ತದೆ.

ಅಳೆಯದೆ ನಕಲು ಮಾಡುವ ಈ ಉಪಾಯವನ್ನೇ ಮರದ ಲೇತಿಗೆ ಅಳವಡಿಸುವುದು ಹೇಗೆ ಎಂಬುದು ಈ ಲೇಖನದ ವಿಷಯ. ಇದಕ್ಕೆ ಬೇಕಾದದ್ದು ಒಂದು ಸಣ್ಣ ವಿದ್ಯುತ್ ರೂಟರ್, ಕೆಲವು ಪ್ಲೈವುಡ್ ಹಲಗೆಗಳು, ಒಂದು ಉಕ್ಕಿನ ಸಲಾಕೆ, ಮತ್ತು ಪ್ರೌಢಶಾಲೆಯಲ್ಲಿ ಕಲಿತ ರೇಖಾಗಣಿತ.

ಹೊರಸಿನ ನಾಲ್ಕು ಕಾಲು

ಕುರಕುಂಟಾ ಸೇಡಂ ತಾಲ್ಲೂಕಿನ ಊರು. ವಾಡಿಯಿಂದ ಚಿತ್ತಾಪುರ, ಸೇಡಂಗಳನ್ನು ಹಾಯ್ದು ಸಿಕಂದರಾಬಾದಿನ ಕಡೆಗೆ ಸಾಗುವ ರೈಲುಮಾರ್ಗದಲ್ಲಿದೆ. ಈ ಸೀಮೆ ಸುಣ್ಣಕಲ್ಲಿನದು. ಬಹು ಪ್ರಾಚೀನ ಕಾಲದ ಆಳವಿಲ್ಲದ ಸಮುದ್ರದ ತಳದಲ್ಲಿ ಪದರಪದರವಾಗಿ ಕುಳಿತು ಗಟ್ಟಿಯಾದ ಕಲ್ಲು ಇದು. ಸೀಳಿದರೆ ಚಪ್ಪಟೆಯಾದ ಫರಸಿಯಾಗಿ ಬರುತ್ತದೆ. ಶಹಾಬಾದಿನ ಹೆಸರು ಹೊತ್ತು ದೂರದೂರದ ಮನೆಗಳ ನೆಲಹಾಸಾಗುತ್ತದೆ. ಇದೇ ಸುಣ್ಣಕಲ್ಲಿನ ಬಲದಿಂದ ಕುರಕುಂಟಾದಲ್ಲಿ ಭಾರತ ಸಿಮೆಂಟ್ ನಿಗಮದ ಕಾರ್ಖಾನೆಯೂ 1972ರಲ್ಲಿ ಉತ್ಪಾದನೆಗೆ ತೊಡಗಿತ್ತು. 1998ರಲ್ಲಿ ಅದು ನಿಂತಿತು. ದೊಡ್ಡ ಯಂತ್ರಗಳು ಮೌನವಾದ ಊರಿನಲ್ಲಿ ಚಿಕ್ಕ ಕಾರ್ಯಾಗಾರಗಳ ಬೆಲೆ ಇಮ್ಮಡಿಯಾಗುತ್ತದೆ.

ಒಂದು ಫರಸಿಯಂತೆ ಇನ್ನೊಂದು ಇರುವುದು ನಿಸರ್ಗದ ಕೊಡುಗೆ. ಮರಕ್ಕೆ ಆ ಭಾಗ್ಯವಿಲ್ಲ. ಹೊರಸಿನ ಒಂದು ಕಾಲನ್ನು ಲೇತಿನ ಮೇಲೆ ಅಂದವಾಗಿ ಕಡೆಯುವುದು ನುರಿತ ಬಡಗಿಗೆ ಕಷ್ಟವಲ್ಲ. ಎರಡನೆಯದನ್ನು ಅದರಂತೆಯೇ ಕಡೆಯುವುದು ಕಷ್ಟ; ನಾಲ್ಕನೆಯದು ಮೊದಲನೆಯದರಂತಿರುವುದು ಇನ್ನೂ ಕಷ್ಟ. ಹೊರಸಿಗೆ ನಾಲ್ಕೇ ಕಾಲುಗಳು. ಅವೂ ಒಂದೊಂದು ಮೂಲೆಯಲ್ಲಿ ದೂರದೂರ ನಿಲ್ಲುತ್ತವೆ. ಆದುದರಿಂದ ಸಣ್ಣ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಮಹಡಿಯ ಮೆಟ್ಟಿಲಿಗೆ ಕಟಾಂಜನ ಬೇಕೆಂದು ಯಾರಾದರೂ ನಲವತ್ತು ಕಂಬಿಗಳನ್ನು ಕೇಳಿದರೆ? ಅವು ಗೇಣಿಗೊಂದರಂತೆ ಸಾಲಾಗಿ ನಿಲ್ಲುತ್ತವೆ. ಒಂದರ ಉಬ್ಬು ಪಕ್ಕದ್ದಕ್ಕಿಂತ ಸ್ವಲ್ಪ ಮೇಲೆ ಕುಳಿತಿದ್ದರೂ ದಾರಿಹೋಕನ ಕಣ್ಣು ಅದನ್ನು ಹಿಡಿಯುತ್ತದೆ. ನಮ್ಮ ಕಣ್ಣು ಅಳತೆಯಲ್ಲಿ ದುರ್ಬಲ, ಹೋಲಿಕೆಯಲ್ಲಿ ಮಾತ್ರ ಬಹು ಚುರುಕು. ಇಂಥ ಕೆಲಸವನ್ನು ಊರಿನ ಬಡಗಿ ಒಪ್ಪಿಕೊಳ್ಳಲಾರದೆ ಹೋದರೆ ಅದು ದೂರದ ನಗರದ ಕಾರ್ಖಾನೆಗೆ ಹೋಗುತ್ತದೆ. ಕೂಲಿಯೂ ಅದರ ಜೊತೆಗೇ ಊರು ಬಿಡುತ್ತದೆ.

ಈ ಸಮಸ್ಯೆ ನಮ್ಮ ನಾಡಿಗೆ ಹೊಸದಲ್ಲ. ಚಿತ್ತಾಪುರದ ಬಳಿಯ ನಾಗಾವಿಯಲ್ಲಿ 11ನೆಯ ಶತಮಾನದಲ್ಲಿ ಹೆಸರಾಂತ ಘಟಿಕಾಸ್ಥಾನವಿದ್ದಿತು. ಅಲ್ಲಿನ ಒಂದು ದೇವಾಲಯವನ್ನು ಜನರು ಇಂದಿಗೂ ಅರವತ್ತು ಕಂಬದ ಗುಡಿ ಎಂದೇ ಕರೆಯುತ್ತಾರೆ. ಸಾಲುಗಂಬಗಳನ್ನು ನಿಲ್ಲಿಸುವ ಯಾವ ಶಿಲ್ಪಿಗೂ ‘ಒಂದರಂತೆ ಇನ್ನೊಂದು’ ಎಂಬ ಪ್ರಶ್ನೆ ಎದುರಾಗಲೇಬೇಕು. ಇಟಗಿಯ ಮಹಾದೇವ ದೇವಾಲಯ, ಬೇಲೂರಿನ ಚೆನ್ನಕೇಶವ ದೇವಾಲಯ ಮೊದಲಾದೆಡೆ ಮೃದುವಾದ ಬಳಪದ ಕಲ್ಲಿನ ಕಂಬಗಳ ಮೇಲೆ ಕಾಣುವ ದುಂಡಾದ ನುಣುಪು ಬಳೆಗಳು, ಆ ಕಲ್ಲುಗಳನ್ನು ತಿರುಗಿಸುತ್ತ ಕಡೆದಿರಬೇಕೆಂದು ವಿದ್ವಾಂಸರು ಭಾವಿಸುವಂತೆ ಮಾಡಿವೆ. ಇಂದು ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆಮರದ ತುಂಡುಗಳನ್ನು ಲೇತಿನ ಮೇಲೆ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನೊತ್ತಿ ಆಟಿಕೆಗಳನ್ನು ಮಾಡುತ್ತಾರೆ. ಅಲ್ಲಿ ನೂರನೆಯ ತುಂಡು ಮೊದಲನೆಯದರಂತೆ ಬರುವುದು ವರ್ಷಗಳ ಕೈಪಳಗಿನಿಂದ. ಅಂಥ ಪಳಗು ಇಲ್ಲದವರಿಗೆ, ಅಥವಾ ಪಳಗಿದ್ದರೂ ನಲವತ್ತು ಕಂಬಿಗಳ ಅವಸರವಿರುವವರಿಗೆ, ಯಂತ್ರದ ನೆರವು ಬೇಕಾಗುತ್ತದೆ.

ಬಂದೂಕಿನ ಹಿಡಿಯಿಂದ ಬಂದ ಪಾಠ

ಉಗಿಯಂತ್ರವನ್ನು ಸುಧಾರಿಸಿ ಜಗತ್ಪ್ರಸಿದ್ಧನಾದ ಜೇಮ್ಸ್ ವಾಟನು ತನ್ನ ಮುಪ್ಪಿನ ದಿನಗಳಲ್ಲಿ ಮನೆಯ ಅಟ್ಟದ ಕೆಲಸದ ಕೋಣೆಯಲ್ಲಿ ಶಿಲ್ಪಗಳನ್ನು ನಕಲು ಮಾಡುವ ಯಂತ್ರಗಳನ್ನು ಕಟ್ಟುತ್ತಿದ್ದನು. ಆ ಕೋಣೆಯನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಈಗಲೂ ಕಾಣಬಹುದು. ವಾಟನು ತೀರಿಕೊಂಡದ್ದು 1819ರಲ್ಲಿ. ಅದೇ ವರ್ಷ ಅಮೆರಿಕದ ಥಾಮಸ್ ಬ್ಲಾಂಚರ್ಡ್ ಎಂಬವನು ಬಂದೂಕಿನ ಮರದ ಹಿಡಿಗಳನ್ನು ಕಡೆಯುವ ಲೇತಿಗೆ ಪೇಟೆಂಟ್ ಪಡೆದನು. ಸ್ಪ್ರಿಂಗ್‌ಫೀಲ್ಡಿನ ಸರ್ಕಾರಿ ಶಸ್ತ್ರಾಗಾರದಲ್ಲಿ ಆ ಯಂತ್ರ ಕೆಲಸಕ್ಕೆ ಬಂದಿತು.

ಬಂದೂಕಿನ ಹಿಡಿ ದುಂಡಲ್ಲ, ಅಂಕುಡೊಂಕು. ಬ್ಲಾಂಚರ್ಡನು ಒಂದು ಮಾದರಿ ಹಿಡಿಯನ್ನೂ ಒರಟು ಮರವನ್ನೂ ಒಟ್ಟಿಗೆ ನಿಧಾನವಾಗಿ ತಿರುಗುವಂತೆ ಮಾಡಿದನು. ಮಾದರಿಯ ಮೈಯನ್ನು ಒಂದು ಚಕ್ರ ಸವರುತ್ತಿತ್ತು. ಮರವನ್ನು ಇನ್ನೊಂದು ಚಕ್ರ ಕತ್ತರಿಸುತ್ತಿತ್ತು. ಈ ಎರಡು ಚಕ್ರಗಳೂ ಒಂದೇ ಗಾತ್ರದವು ಎಂಬುದರಲ್ಲಿ ಆ ಯಂತ್ರದ ಗುಟ್ಟೆಲ್ಲ ಅಡಗಿದೆ. ಮುಟ್ಟುವ ವಸ್ತುವೂ ಕತ್ತರಿಸುವ ವಸ್ತುವೂ ಒಂದೇ ಆಕಾರದವಾಗಿರಬೇಕು. ಎರಡೂ ಒಂದೇ ದೇಹದಂತೆ ಚಲಿಸಬೇಕು. ಕೀಲಿಕೈಯ ಯಂತ್ರದಲ್ಲಿಯೂ ಇದೇ ನಿಯಮ. ನಾವು ಕಟ್ಟಲಿರುವ ಜಿಗ್‌ನಲ್ಲಿಯೂ ಇದೇ ನಿಯಮ.

ನಮ್ಮ ಕೆಲಸ ಬ್ಲಾಂಚರ್ಡನದಕ್ಕಿಂತ ಸುಲಭ. ಲೇತಿನಲ್ಲಿ ಕಡೆದ ತುಂಡು ಎಲ್ಲ ಬದಿಯಿಂದಲೂ ಒಂದೇ ರೀತಿ ಕಾಣುತ್ತದೆ. ಅದರ ಹೊರ ಅಂಚಿನ ಒಂದೇ ಒಂದು ರೇಖೆ ತಿಳಿದರೆ ಇಡೀ ಆಕಾರ ತಿಳಿದಂತೆಯೇ. ಆದುದರಿಂದ ನಮಗೆ ಇಡೀ ಮಾದರಿ ಕಂಬಿ ಬೇಕಿಲ್ಲ. ಆ ರೇಖೆಯಂತೆ ಕೊರೆದ ಒಂದು ಚಪ್ಪಟೆ ಹಲಗೆ ಸಾಕು.

ಜಿಗ್‌ನ ಅಂಗಗಳು

ಉಪಕರಣವನ್ನೋ ಮರವನ್ನೋ ಗೊತ್ತಾದ ದಾರಿಯಲ್ಲಿ ಮಾತ್ರ ಚಲಿಸುವಂತೆ ಕಟ್ಟಿಹಾಕುವ ಚೌಕಟ್ಟಿಗೆ ಕಾರ್ಯಾಗಾರಗಳಲ್ಲಿ ಜಿಗ್ ಎನ್ನುತ್ತಾರೆ. ರೂಟರ್ ಎಂದೊಡನೆ ವಿದ್ಯಾರ್ಥಿಗಳಿಗೆ ಮನೆಗೆ ಅಂತರ್ಜಾಲ ತರುವ ಪೆಟ್ಟಿಗೆ ನೆನಪಾಗಬಹುದು. ಬಡಗಿಯ ರೂಟರ್ ಬೇರೆ. ಅದು ಒಂದು ಚಿಕ್ಕ ಮೋಟಾರು. ಅದರ ತುದಿಯಲ್ಲಿ ಬಿಗಿದ ಬಿಟ್ ನಿಮಿಷಕ್ಕೆ ಇಪ್ಪತ್ತು ಮೂವತ್ತು ಸಾವಿರ ಸುತ್ತು ತಿರುಗಿ ಮರವನ್ನು ಕೊರೆಯುತ್ತದೆ. ನಮಗೆ ಬೇಕಾದದ್ದು 12 ಮಿಲಿಮೀಟರ್ ವ್ಯಾಸದ, ಅರ್ಧಗೋಲದಂತೆ ದುಂಡು ಮೂತಿಯುಳ್ಳ ಬಿಟ್.

ಮೊದಲ ಅಂಗ ವೇದಿಕೆ. 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಲಗೆಯನ್ನು ಲೇತಿನ ಹಾಸಿನ ಮೇಲೆ, ತಿರುಗುವ ತುಂಡಿನ ಅಡಿಯಲ್ಲಿ, ಕೆಲಸಗಾರನ ಕಡೆಗೆ ಚಾಚಿಕೊಂಡಿರುವಂತೆ ಭದ್ರವಾಗಿ ಬಿಗಿಯಬೇಕು. ಅದರ ಮೇಲ್ಮೈ ಲೇತಿನ ಅಕ್ಷಕ್ಕಿಂತ 80 ಮಿಲಿಮೀಟರ್ ಕೆಳಗಿರಲಿ.

ಎರಡನೆಯದು ಮಾದರಿಹಲಗೆ. 9 ಮಿಲಿಮೀಟರ್ ಪ್ಲೈವುಡ್ಡಿನ ಒಂದು ಅಂಚನ್ನು ಬೇಕಾದ ಆಕಾರದ ರೇಖೆಯಂತೆ ಕೊರೆದು, ಆ ಅಂಚು ಕೆಲಸಗಾರನಿಗೆ ಎದುರಾಗುವಂತೆ ವೇದಿಕೆಗೆ ತಿರುಪುಗಳಿಂದ ಕೂರಿಸಬೇಕು. ನೆಟ್ಟಗೆ ಮೇಲಿನಿಂದ ನೋಡಿದರೆ ಮಾದರಿಯ ಅಂಚೂ ಸಿದ್ಧವಾಗಲಿರುವ ತುಂಡಿನ ಅಂಚೂ ಒಂದರ ಮೇಲೊಂದು ಬೀಳಬೇಕು; ನಡುಮಧ್ಯಾಹ್ನದ ನೆರಳು ಕಾಲಡಿಗೇ ಬೀಳುವಂತೆ.

ಮೂರನೆಯದು ಜಾರುಹಲಗೆ. 12 ಮಿಲಿಮೀಟರ್ ದಪ್ಪದ ಹಲಗೆಯ ಅಡಿಗೆ, ಹಿಂಭಾಗದಲ್ಲಿ, 12 ಮಿಲಿಮೀಟರ್ ದಪ್ಪದ ಎರಡು ಕಾಲುಪಟ್ಟಿಗಳನ್ನು ಅಂಟಿಸಬೇಕು. ಪಟ್ಟಿಗಳು ಮಾದರಿಹಲಗೆಗಿಂತ ದಪ್ಪವಾಗಿರುವುದರಿಂದ ಜಾರುಹಲಗೆಯ ಮುಂದಿನ ನಾಲಗೆ ಮಾದರಿಯ ಮೇಲೆ ತಾಗದೆ ಚಲಿಸುತ್ತದೆ. ಜಾರುಹಲಗೆಯ ಮೇಲೆ ಎರಡು ಮರದ ಗೋಡೆಗಳನ್ನು ನಿಲ್ಲಿಸಿ, ಅವುಗಳ ರಂಧ್ರಗಳಲ್ಲಿ ರೂಟರಿನ ದುಂಡು ಮೈಯನ್ನು ಅಡ್ಡಲಾಗಿ ಮಲಗಿಸಿ ಬಿಗಿಯಬೇಕು. ಬಿಟ್ ಲೇತಿನ ಕಡೆಗೆ ಮುಖ ಮಾಡಿರಲಿ. ಎತ್ತರದ ಲೆಕ್ಕ ಸುಲಭ: 80ರಲ್ಲಿ ಪಟ್ಟಿ ಮತ್ತು ಹಲಗೆಯ 24 ಕಳೆದರೆ 56. ಅಂದರೆ ಜಾರುಹಲಗೆಯ ಮೇಲ್ಮೈಯಿಂದ ಬಿಟ್‌ನ ನಡುವಿಗೆ 56 ಮಿಲಿಮೀಟರ್ ಇರಬೇಕು. ಹಿಂದೆ ಎರಡು ಕೈಗೂ ಒಂದೊಂದು ಹಿಡಿಕೆ ಇರಲಿ.

ನಾಲ್ಕನೆಯದು ಸ್ಪರ್ಶದಂಡ. 12 ಮಿಲಿಮೀಟರ್ ವ್ಯಾಸದ ನುಣುಪಾದ ಉಕ್ಕಿನ ಸಲಾಕೆಯ ತುಂಡೊಂದು ನಾಲಗೆಯಿಂದ ಕೆಳಕ್ಕೆ ಇಳಿದು ಮಾದರಿಯ ಅಂಚನ್ನು ಮುಟ್ಟುತ್ತದೆ. ಬಿಟ್‌ನ ಅರ್ಧಗೋಲದ ಕೇಂದ್ರದ ನೇರ ಕೆಳಗೆ ಈ ದಂಡದ ಕೇಂದ್ರ ಬರಬೇಕು. ಪರೀಕ್ಷಿಸುವುದು ಹೇಗೆ? ಮೂಲೆಮಟ್ಟವನ್ನು ವೇದಿಕೆಯ ಮೇಲೆ ನೆಟ್ಟಗೆ ನಿಲ್ಲಿಸಿ ಮುಂದಿನಿಂದ ತಂದರೆ ದಂಡದ ಮುಂಭಾಗವೂ ಬಿಟ್‌ನ ಮೂತಿಯೂ ಏಕಕಾಲಕ್ಕೆ ಅದಕ್ಕೆ ತಾಗಬೇಕು. ಬಳಿಕ ಎಡಬಲಗಳಿಂದಲೂ ಹೀಗೆಯೇ ನೋಡಬೇಕು.

ದಂಡವನ್ನು ಸರಿಯಾಗಿ ಬಿಟ್‌ನ ಕೆಳಗೇ ಇರಿಸುವುದಕ್ಕೆ ಬಲವಾದ ಕಾರಣವಿದೆ. ಕೈಯಿಂದ ತಳ್ಳುವ ಜಾರುಹಲಗೆ ಆಗಾಗ ಸ್ವಲ್ಪ ಓರೆಯಾಗುವುದು ಸಹಜ. ದಂಡವು ಪಕ್ಕಕ್ಕಿದ್ದರೆ, ಹಲಗೆ ಓರೆಯಾದೊಡನೆ ದಂಡಕ್ಕೂ ಬಿಟ್‌ಗೂ ಇದ್ದ ಸಂಬಂಧ ಕೆಟ್ಟು ತುಂಡು ಹಾಳಾಗುತ್ತದೆ. ಎರಡರ ಕೇಂದ್ರಗಳೂ ಒಂದೇ ಲಂಬರೇಖೆಯಲ್ಲಿದ್ದರೆ, ಹಲಗೆ ಆ ರೇಖೆಯ ಸುತ್ತ ಸ್ವಲ್ಪ ತಿರುಗಿದರೂ ದುಂಡಾದ ದಂಡ ದುಂಡಾಗಿಯೇ, ದುಂಡಾದ ಮೂತಿ ದುಂಡಾಗಿಯೇ ಉಳಿಯುತ್ತದೆ. ಕೈಯ ನಡುಕವನ್ನು ರೇಖಾಗಣಿತವೇ ನುಂಗಿಕೊಳ್ಳುತ್ತದೆ.

ಸಮಗಾತ್ರದ ನಿಯಮ

ದಂಡವೂ ಬಿಟ್ಟೂ ಏಕೆ ಒಂದೇ ಗಾತ್ರದವಾಗಿರಬೇಕು? ದಂಡವು ಅಂಚನ್ನು ಮುಟ್ಟುತ್ತ ಸಾಗುವಾಗ ಅದರ ಕೇಂದ್ರವು ಅಂಚಿನಿಂದ ಯಾವಾಗಲೂ 6 ಮಿಲಿಮೀಟರ್ ದೂರದಲ್ಲಿರುತ್ತದೆ. ಹೀಗೆ ಅದು ಅಂಚಿಗೆ ಸಮಾನಾಂತರವಾದ ಒಂದು ವಕ್ರರೇಖೆಯನ್ನು ಗೀಚುತ್ತದೆ. ಬಿಟ್‌ನ ಕೇಂದ್ರವೂ ಮೇಲ್ಗಡೆ ಅದೇ ವಕ್ರರೇಖೆಯಲ್ಲಿ ಸಾಗುತ್ತದೆ. ತನ್ನ ಕೇಂದ್ರದಿಂದ 6 ಮಿಲಿಮೀಟರ್ ದೂರದವರೆಗೆ ಮರವನ್ನು ಕೊರೆಯುತ್ತದೆ. ಆರನ್ನು ಕೂಡಿ ಆರನ್ನು ಕಳೆದಂತಾಯಿತು. ಉಳಿಯುವುದು ಮಾದರಿಯ ಅಂಚೇ.

ದಂಡದ ತ್ರಿಜ್ಯ 5, ಬಿಟ್‌ನದು 6 ಆಗಿದ್ದರೆ ಬಿಟ್ ಎಲ್ಲೆಡೆಯೂ 1 ಮಿಲಿಮೀಟರ್ ಹೆಚ್ಚು ಕೊರೆಯುತ್ತದೆ. ಸ್ವಲ್ಪ ಹಿಂದಕ್ಕೆ ಸರಿಸಿದರೆ ಸರಿಹೋಗುವುದಲ್ಲವೇ ಎಂದು ಯಾರಾದರೂ ಕೇಳಬಹುದು. ಸಪಾಟಾದ ಭಾಗದಲ್ಲಿ ಸರಿಹೋಗುತ್ತದೆ, ಇಳಿಜಾರಿನಲ್ಲಿ ಸರಿಹೋಗುವುದಿಲ್ಲ. ಏಕೆಂದರೆ ಅಲ್ಲಿ ಹೆಚ್ಚಿನ ಕೊರೆತವು ಓರೆಯಾದ ದಿಕ್ಕಿನಲ್ಲಿ ಆಗುತ್ತದೆ. ಫಲವಾಗಿ ಉಬ್ಬುಗಳು ಸೊರಗುತ್ತವೆ, ತಗ್ಗುಗಳು ಅಗಲವಾಗುತ್ತವೆ.

ಇದೇ ನಿಯಮ ಒಂದು ಮಿತಿಯನ್ನೂ ಹಾಕುತ್ತದೆ. 12 ಮಿಲಿಮೀಟರಿಗಿಂತ ಕಿರಿದಾದ ತಗ್ಗಿನೊಳಕ್ಕೆ ದಂಡ ಇಳಿಯಲಾರದು, ಬಿಟ್ಟೂ ಇಳಿಯಲಾರದು. ಮೊನಚಾದ ಒಳಮೂಲೆ ಬೇಕೆಂದು ಮಾದರಿಯಲ್ಲಿ ಕೊರೆದರೂ ತುಂಡಿನಲ್ಲಿ ಅದು ದುಂಡಾಗಿಯೇ ಬರುತ್ತದೆ. ಅಂಥ ಸೂಕ್ಷ್ಮ ಗೆರೆಗಳನ್ನು ಜಿಗ್‌ನ ಕೆಲಸ ಮುಗಿದ ಮೇಲೆ ಉಳಿಯಿಂದಲೇ ಬಿಡಿಸಬೇಕು.

ಎತ್ತರದ ತಪ್ಪು, ಓರೆಯ ತಪ್ಪು

ಬಿಟ್‌ನ ನಡು ಲೇತಿನ ಅಕ್ಷದ ಎತ್ತರದಲ್ಲಿಯೇ ಇರಬೇಕೆಂದೆವು. 3 ಮಿಲಿಮೀಟರ್ ಮೇಲಿದ್ದರೆ ಏನಾಗುತ್ತದೆ? ಲೇತಿನ ಅಕ್ಷ, ಬಿಟ್‌ನ ಅರ್ಧಗೋಲದ ಕೇಂದ್ರ, ಇವೆರಡನ್ನೂ ಸೇರಿಸುವ ಗೆರೆ ಈಗ ಓರೆಯಾಗುತ್ತದೆ. ಅದು ಲಂಬಕೋನ ತ್ರಿಭುಜವೊಂದರ ವಿಕರ್ಣ. 5 ಮಿಲಿಮೀಟರ್ ತ್ರಿಜ್ಯದ ಸಣ್ಣ ಕುತ್ತಿಗೆಯನ್ನು ಕಡೆಯುತ್ತಿದ್ದೇವೆನ್ನೋಣ. ಅಡ್ಡದ ಭುಜ 5 ಕೂಡಿಸು 6, ಅಂದರೆ 11; ನಿಂತ ಭುಜ 3. ಪೈಥಾಗೊರಸನ ಪ್ರಮೇಯದಂತೆ 121 ಮತ್ತು 9 ಕೂಡಿದರೆ 130. ಅದರ ವರ್ಗಮೂಲ ಸುಮಾರು 11.4. ಇದರಿಂದ ಬಿಟ್‌ನ 6 ಕಳೆದರೆ ಕುತ್ತಿಗೆಯ ತ್ರಿಜ್ಯ 5.4. ವ್ಯಾಸವು 10ಕ್ಕೆ ಬದಲಾಗಿ 10.8 ಮಿಲಿಮೀಟರ್ ಆಯಿತು.

ಅದೇ ಲೆಕ್ಕವನ್ನು 25 ಮಿಲಿಮೀಟರ್ ತ್ರಿಜ್ಯದ ದಪ್ಪ ಉಬ್ಬಿಗೆ ಮಾಡಿ ನೋಡಿದರೆ ವ್ಯಾಸವು 50ಕ್ಕೆ ಬದಲಾಗಿ ಸುಮಾರು 50.3 ಬರುತ್ತದೆ. ತಪ್ಪು ಒಂದೇ, ದಪ್ಪ ಭಾಗದಲ್ಲಿ ಅದು ಅಡಗುತ್ತದೆ, ಸಣ್ಣ ಭಾಗದಲ್ಲಿ ಎದ್ದು ಕಾಣುತ್ತದೆ. ಆದುದರಿಂದ ಮೊದಲ ತುಂಡನ್ನು ಕಡೆದೊಡನೆ ಅದರ ಅತಿ ಸಣ್ಣ ಕುತ್ತಿಗೆಯನ್ನೂ ಅತಿ ದಪ್ಪ ಉಬ್ಬನ್ನೂ ಕ್ಯಾಲಿಪರಿನಿಂದ ಅಳೆಯಬೇಕು. ಕುತ್ತಿಗೆ ಹೆಚ್ಚು ದಪ್ಪವಾಗಿದ್ದು ಉಬ್ಬು ಬಹುಮಟ್ಟಿಗೆ ಸರಿಯಾಗಿದ್ದರೆ ಎತ್ತರ ತಪ್ಪಿದೆ. ಎರಡೂ ಒಂದೇ ಪ್ರಮಾಣದಲ್ಲಿ ದಪ್ಪವಾಗಿದ್ದರೆ ಮಾದರಿಯನ್ನು ಹಿಂದೆಮುಂದೆ ಸರಿಸಬೇಕಾಗಿದೆ. ಒಂದು ಕೊನೆ ದಪ್ಪವಾಗಿ ಇನ್ನೊಂದು ಕೊನೆ ಸಣ್ಣಗಾಗಿದ್ದರೆ ಮಾದರಿಯು ಅಕ್ಷಕ್ಕೆ ಸಮಾನಾಂತರವಾಗಿಲ್ಲ. ವೈದ್ಯನು ನಾಡಿ ನೋಡಿ ರೋಗ ಹೇಳುವಂತೆ ಎರಡು ಮೂರು ಅಳತೆಗಳಿಂದ ಜಿಗ್‌ನ ದೋಷವನ್ನು ಹೇಳಬಹುದು.

ಒಂದು ಮಾತನ್ನು ಮರೆಯಬಾರದು. ಮಾದರಿಯು 1 ಮಿಲಿಮೀಟರ್ ಸರಿದರೆ ತುಂಡಿನ ವ್ಯಾಸದಲ್ಲಿ 2 ಮಿಲಿಮೀಟರ್ ವ್ಯತ್ಯಾಸ ಬರುತ್ತದೆ. ಲೇತಿನಲ್ಲಿ ಪ್ರತಿಯೊಂದು ತಪ್ಪೂ ಇಮ್ಮಡಿಯಾಗಿಯೇ ಕಾಣಿಸಿಕೊಳ್ಳುತ್ತದೆ. ಮಾದರಿಯು ಉದ್ದಕ್ಕೆ, ಎಡಕ್ಕೋ ಬಲಕ್ಕೋ ಸರಿದರೆ ಮಾತ್ರ ಅಪಾಯವಿಲ್ಲ. ಇಡೀ ಆಕಾರ ಆ ಕಡೆಗೆ ಸರಿಯುತ್ತದೆ, ಕೆಡುವುದಿಲ್ಲ.

ಫರಸಿಕಲ್ಲಿನ ಸಹಾಯ

ಜಾರುಹಲಗೆಯ ಕಾಲುಪಟ್ಟಿಗಳು ಸಮತಲವಾಗಿಲ್ಲದಿದ್ದರೆ ಹಲಗೆ ಕುಂಟುತ್ತದೆ. ಕುಂಟಿದರೆ ಬಿಟ್ ಮೇಲೆಕೆಳಗೆ ಆಡುತ್ತದೆ. ಸಮತಲವನ್ನು ಎಲ್ಲಿಂದ ತರುವುದು? ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕಾಗಿಯೇ ಬೆಲೆಬಾಳುವ ಕಲ್ಲಿನ ಫಲಕಗಳಿರುತ್ತವೆ. ಸೇಡಂ, ಶಹಾಬಾದ ಸೀಮೆಯವರಿಗೆ ಪಾಲಿಶ್ ಮಾಡಿದ ಒಂದು ಫರಸಿಕಲ್ಲು ಸಾಕು. ಉಕ್ಕಿನ ನೇರ ಪಟ್ಟಿಯನ್ನು ಅದರ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಹಿಂದೆ ದೀಪ ಹಿಡಿದು ನೋಡಬೇಕು. ಎಲ್ಲಿಯೂ ಬೆಳಕು ನುಸುಳದ ಕಲ್ಲನ್ನು ಆರಿಸಿಕೊಂಡು, ಅದರ ಮೇಲೆ ಮರಳುಕಾಗದವನ್ನು ಅಂಟಿಸಿ, ಕಾಲುಪಟ್ಟಿಗಳನ್ನು ಅದಕ್ಕೆ ಉಜ್ಜಿದರೆ ಕಲ್ಲಿನ ಸಮತಲವೇ ಮರಕ್ಕೆ ಇಳಿಯುತ್ತದೆ. ಇದೂ ಒಂದು ನಕಲೇ.

ಮಾದರಿಹಲಗೆಯನ್ನು ಮಾಡುವಾಗ ಅವಸರ ಸಲ್ಲದು. ಮೊದಲು ಕೈಯಿಂದ ಒಂದು ಕಂಬಿಯನ್ನು ಮನಸ್ಸಿಗೆ ಒಪ್ಪುವಂತೆ ಕಡೆಯಬೇಕು. ಅಥವಾ ಹಳೆಯ ಮನೆಯ ಒಳ್ಳೆಯ ಕಂಬಿಯೊಂದನ್ನು ತರಬೇಕು. ಬೆರಳಗಲಕ್ಕೊಂದರಂತೆ ಅದರ ವ್ಯಾಸವನ್ನು ಅಳೆದು, ಅರ್ಧ ಮಾಡಿ, ಚೌಕುಳಿ ಕಾಗದದ ಮೇಲೆ ಬಿಂದುಗಳನ್ನಿಟ್ಟು ರೇಖೆ ಎಳೆಯಬೇಕು. ಕಾಗದವನ್ನು ಪ್ಲೈವುಡ್ಡಿಗೆ ಅಂಟಿಸಿ ರೇಖೆಯ ಹೊರಗೆ ಕೊಯ್ದು, ಅರದಿಂದ ರೇಖೆಯವರೆಗೆ ಉಜ್ಜಬೇಕು. ಕಣ್ಣು ಮುಚ್ಚಿ ಬೆರಳಿನಿಂದ ಸವರಿದರೆ ಎಲ್ಲಿಯೂ ಒರಟು ತಾಗಬಾರದು. ಇಲ್ಲಿ ಉಳಿದ ಒಂದು ಗಂಟು ನಲವತ್ತು ಕಂಬಿಗಳಲ್ಲಿ ನಲವತ್ತು ಬಾರಿ ಮೂಡುತ್ತದೆ.

ಕೊರೆಯುವ ಕ್ರಮ

ತುಂಡನ್ನು ಮೊದಲು ಉಳಿಯಿಂದ ಒರಟಾದ ಉರುಳೆಯಾಗಿ ಕಡೆದುಕೊಳ್ಳಬೇಕು. ಆಮೇಲೆ ಒಂದೇ ಸಲಕ್ಕೆ ಪೂರ್ಣ ಆಳಕ್ಕಿಳಿಯುವುದು ಅವಿವೇಕ. ಪ್ರತಿ ಸಾರಿ 2 ಮಿಲಿಮೀಟರಿನಷ್ಟು ಮಾತ್ರ ತೆಗೆಯಬೇಕು. ಕೊನೆಯ ಹಂತಗಳಿಗೆ ಸೊಗಸಾದ ಉಪಾಯವೊಂದಿದೆ. ಸ್ಪರ್ಶದಂಡಕ್ಕೆ 20 ಮಿಲಿಮೀಟರ್ ಹೊರವ್ಯಾಸದ ಬಳೆಯೊಂದನ್ನು ತೊಡಿಸಿದರೆ ಬಿಟ್ ಅಂತಿಮ ಆಕಾರದಿಂದ 4 ಮಿಲಿಮೀಟರ್ ದೂರದಲ್ಲೇ ನಿಲ್ಲುತ್ತದೆ. ಅದನ್ನು ತೆಗೆದು 16 ಮಿಲಿಮೀಟರಿನ ಬಳೆ ತೊಡಿಸಿದರೆ 2 ಮಿಲಿಮೀಟರ್ ದೂರದಲ್ಲಿ ನಿಲ್ಲುತ್ತದೆ. ಬಳೆ ಇಲ್ಲದ ಬರಿಯ ದಂಡ ಅಂತಿಮ ಆಕಾರವನ್ನು ಕೊಡುತ್ತದೆ. ಸಮಗಾತ್ರದ ನಿಯಮವನ್ನು ಬೇಕೆಂದೇ ಮುರಿದು ಲಾಭ ಪಡೆಯುವ ಬಗೆ ಇದು. ಕಿರಿದಾದ ತಗ್ಗುಗಳಿಗೆ ಬಳೆ ತೊಟ್ಟ ದಂಡ ಇಳಿಯದು. ಅಲ್ಲಿ ಹೆಚ್ಚು ಮರ ಉಳಿದಿರುತ್ತದೆ. ಕೊನೆಯ ಸುತ್ತಿನಲ್ಲಿ ಅಂಥ ಕಡೆ ಮೆಲ್ಲಗೆ, ಹಲವು ಸಲ ಸಾಗಬೇಕು.

ಲೇತನ್ನು ನಿಧಾನವಾಗಿ, ನಿಮಿಷಕ್ಕೆ 500 ಸುತ್ತಿನಷ್ಟು, ತಿರುಗಿಸಿದರೆ ಸಾಕು. 50 ಮಿಲಿಮೀಟರ್ ವ್ಯಾಸದ ತುಂಡಿನ ಮೈ ಆಗ ಸೆಕೆಂಡಿಗೆ ಸುಮಾರು 1.3 ಮೀಟರ್ ಸಾಗುತ್ತದೆ. ನಿಮಿಷಕ್ಕೆ 20,000 ಸುತ್ತು ತಿರುಗುವ 12 ಮಿಲಿಮೀಟರ್ ಬಿಟ್‌ನ ಅಂಚು ಸೆಕೆಂಡಿಗೆ ಸುಮಾರು 12.5 ಮೀಟರ್ ಸಾಗುತ್ತದೆ. ಕತ್ತರಿಸುವ ಕೆಲಸ ರೂಟರಿನದು. ಲೇತು ಮರವನ್ನು ಅದರ ಮುಂದೆ ಹಿಡಿಯುತ್ತದೆ, ಅಷ್ಟೆ.

ಆದರೆ ಬಿಟ್‌ನ ಮೂತಿಯ ತೀರ ನಡುಬಿಂದುವಿನ ವೇಗವೆಷ್ಟು? ಶೂನ್ಯ! ತಿರುಗುವ ಬುಗುರಿಯ ಮೊಳೆಯಂತೆ ಅದು ಇದ್ದಲ್ಲಿಯೇ ಇರುತ್ತದೆ. ಆದುದರಿಂದ ಬಿಟ್ಟನ್ನು ನೇರವಾಗಿ ಮರದೊಳಕ್ಕೆ ಒತ್ತಿದರೆ ಅದು ಕೊರೆಯುವುದಕ್ಕೆ ಬದಲು ಉಜ್ಜಿ ಸುಡುತ್ತದೆ. ಮರ ಕಪ್ಪಾಗುತ್ತದೆ. ಯಾವಾಗಲೂ ಪಕ್ಕಕ್ಕೆ ಸಾಗುತ್ತಲೇ ಒಳಕ್ಕಿಳಿಯಬೇಕು. ಉಬ್ಬಿನಿಂದ ತಗ್ಗಿನ ಕಡೆಗೆ ಇಳಿಯುತ್ತ ಕೊರೆಯಬೇಕು. ಹಾಗೆ ಮಾಡಿದರೆ ಕತ್ತರಿಸುವ ಪ್ರತಿಯೊಂದು ನಾರಿಗೂ ಅದರ ಅಡಿಯ ನಾರುಗಳ ಆಸರೆ ಇರುತ್ತದೆ. ತಗ್ಗಿನಿಂದ ಉಬ್ಬಿಗೆ ಏರಿದರೆ ನಾರು ಸಿಬಿರೇಳುತ್ತದೆ.

ಉದ್ದವಾದ ಸಣ್ಣ ಕಂಬಿಗಳು ಬಿಟ್‌ನ ಒತ್ತಡಕ್ಕೆ ನಡುವಿನಲ್ಲಿ ಬಾಗುತ್ತವೆ. ಭೌತಶಾಸ್ತ್ರ ಹೇಳುವಂತೆ, ಒತ್ತಡ ಒಂದೇ ಆಗಿದ್ದರೆ, ಉದ್ದ ಇಮ್ಮಡಿಯಾದಾಗ ಬಾಗು ಎಂಟುಮಡಿಯಾಗುತ್ತದೆ. ವ್ಯಾಸ ಅರ್ಧವಾದಾಗ ಹದಿನಾರುಮಡಿಯಾಗುತ್ತದೆ. ಬಾಗಿದ ಕಂಬಿ ಬಿಟ್‌ನಿಂದ ಹಿಂಜರಿಯುವುದರಿಂದ ನಡುಭಾಗ ದಪ್ಪವಾಗಿ ಉಳಿಯುತ್ತದೆ, ಮೈಯಲ್ಲಿ ಅಲೆಗಳೇಳುತ್ತವೆ. ಅಂಥ ತುಂಡುಗಳಿಗೆ ಹಿಂದಿನಿಂದ ಮರದ ಆಸರೆ ಕೊಡಬೇಕು, ಕೊರೆತವನ್ನು ಇನ್ನೂ ತೆಳುವಾಗಿಸಬೇಕು.

ಬೆರಳು ಎರಡನೆಯದು ಬರುವುದಿಲ್ಲ

ಕಂಬಿಗೆ ನಕಲು ಉಂಟು, ಬೆರಳಿಗೆ ಇಲ್ಲ. ಇಲ್ಲಿ ಒಂದಲ್ಲ, ಎರಡು ಯಂತ್ರಗಳು ಏಕಕಾಲಕ್ಕೆ ತಿರುಗುತ್ತಿರುತ್ತವೆ ಎಂಬುದನ್ನು ವಿದ್ಯಾರ್ಥಿಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಲೇತು ಬಲ್ಲ ಹಿರಿಯರೊಬ್ಬರು ಹತ್ತಿರವಿಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ಸಡಿಲವಾದ ತೋಳು, ದುಪಟ್ಟಾ, ಬಿಟ್ಟ ಕೂದಲು, ಕೈಗೆ ಕಟ್ಟಿದ ದಾರ ಯಾವುದೂ ಇರಕೂಡದು. ಕೈಚೀಲ ತೊಡಬಾರದು, ತಿರುಗುವ ತುಂಡು ಅದನ್ನು ಕೈಯೊಡನೆ ಸೆಳೆದುಕೊಳ್ಳಬಲ್ಲದು. ಕಣ್ಣಿಗೆ ರಕ್ಷಣೆಯ ಕನ್ನಡಕವೂ ಮೂಗುಬಾಯಿಗೆ ಧೂಳು ತಡೆಯುವ ಮುಸುಕೂ ಬೇಕೇ ಬೇಕು. ಬಳೆ ಬದಲಾಯಿಸುವಾಗ, ಬಿಟ್ ಬಿಗಿಯುವಾಗ, ಅಳತೆ ನೋಡುವಾಗ ಎರಡು ಯಂತ್ರಗಳ ಪ್ಲಗ್ಗನ್ನೂ ಕಿತ್ತಿರಬೇಕು. ಬಿಟ್ ಮರದಿಂದ ದೂರವಿರುವಾಗಲೇ ರೂಟರನ್ನು ಚಾಲನೆ ಮಾಡಬೇಕು, ದೂರ ಸರಿಸಿದ ಮೇಲೆಯೇ ನಿಲ್ಲಿಸಬೇಕು. ಚಾಲನೆಯಲ್ಲಿರುವಷ್ಟು ಹೊತ್ತೂ ಎರಡು ಕೈಗಳೂ ಹಿಡಿಕೆಗಳ ಮೇಲಿರಲಿ. ಬಿಟ್ ಹಿಡಿಯಿಂದ ಹೊರಚಾಚಿದ ಉದ್ದವು ಅತಿ ಆಳದ ತಗ್ಗಿಗಿಂತ ಹೆಚ್ಚಾಗಿದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ಇಲ್ಲವಾದರೆ ಬಿಟ್‌ನ ಹಿಡಿಯೇ ಪಕ್ಕದ ಉಬ್ಬಿಗೆ ಬಡಿಯುತ್ತದೆ.

ಜಿಗ್ ಮಾಡಲಾರದ ಕೆಲಸ

ಈ ಜಿಗ್‌ನಿಂದ ಬಡಗಿಯ ಕೌಶಲ ಬೇಡವಾಗುವುದೇ ಎಂಬ ಸಂದೇಹ ಬರಬಹುದು. ಹಾಗಾಗುವುದಿಲ್ಲ. ಉಬ್ಬು ಎಲ್ಲಿ ಕುಳಿತರೆ ಚೆಂದ, ಕುತ್ತಿಗೆ ಎಷ್ಟು ಸಣ್ಣಗಾದರೆ ಅಂದವೂ ಬಲವೂ ಉಳಿದಾವು, ಈ ಮರದ ನಾರು ಯಾವ ತಿರುವನ್ನು ತಾಳೀತು, ಇವನ್ನು ಜಿಗ್ ಅರಿಯದು. ಅದಕ್ಕೆ ಕೊಟ್ಟ ರೇಖೆಯನ್ನು ಅದು ಪಾಲಿಸುತ್ತದೆ, ಅಷ್ಟೇ. ರೇಖೆ ಒಳ್ಳೆಯದಾದರೆ ನಲವತ್ತು ಒಳ್ಳೆಯ ಕಂಬಿಗಳು. ಕೆಟ್ಟದ್ದಾದರೆ ನಲವತ್ತು ಕೆಟ್ಟ ಕಂಬಿಗಳು. ಮೊದಲನೆಯದನ್ನು ಕಡೆಯುವವನ ಹೊಣೆ ಹಗುರವಾಗಲಿಲ್ಲ, ನಲವತ್ತುಮಡಿ ಹೆಚ್ಚಿತು. ಅಂಚಿನ ಸೂಕ್ಷ್ಮ ಗೆರೆಗಳು, ಮರಳುಕಾಗದದ ಕೊನೆಯ ನುಣುಪು, ಗಂಟಿರುವ ತುಂಡನ್ನು ಮೊದಲೇ ಗುರುತಿಸಿ ಬದಿಗಿಡುವ ವಿವೇಕ, ಇವೆಲ್ಲ ಇನ್ನೂ ಕೈಯ ಮತ್ತು ಕಣ್ಣಿನ ಪಾಲಿನವೇ.

ಎರಡು ತುಂಡುಗಳಷ್ಟೇ ಬೇಕಾದಾಗ ಜಿಗ್ ಕಟ್ಟುವುದು ಶ್ರಮದ ದುಂದು. ಕೈಯಿಂದ ಕಡೆಯುವುದೇ ಲೇಸು. ಹತ್ತು, ಇಪ್ಪತ್ತು, ನಲವತ್ತು ಬೇಕಾದಾಗ ಅದರ ಬೆಲೆ ತಿಳಿಯುತ್ತದೆ. ಸೇಡಂನಲ್ಲಾಗಲಿ ಚಿಂಚೋಳಿಯಲ್ಲಾಗಲಿ ಒಂದು ಲೇತಿರುವ ಬಡಗಿಯು ಕಟಾಂಜನದ ಕೆಲಸಕ್ಕೆ ‘ಆಗಲಿ’ ಎನ್ನುವಂತಾದರೆ ಆ ಕೆಲಸ ಊರಿನಲ್ಲಿಯೇ ಉಳಿಯುತ್ತದೆ. ವಿದ್ಯಾರ್ಥಿಗಳಿಗೂ ಒಂದು ಲಾಭವಿದೆ: ಕಪ್ಪುಹಲಗೆಯ ಮೇಲೆ ಕಂಡ ಲಂಬಕೋನ ತ್ರಿಭುಜ ಮರದ ಮೇಲೆ ಮಿಲಿಮೀಟರಿನ ಲೆಕ್ಕದಲ್ಲಿ ನಿಜವಾಗುವುದನ್ನು ಕ್ಯಾಲಿಪರ್ ಹಿಡಿದು ತಾವೇ ಕಾಣಬಹುದು. ಅಂಥ ಒಂದು ಅಳತೆ ಮಾಡಿ ನೋಡಿದವರು ಆ ಪ್ರಮೇಯವನ್ನು ಮತ್ತೆ ಮರೆಯಲಾರರು.